ಮೂರು ಸಲ ಕೂಗಿದ್ದೆ

…ಹಾಗಲ್ಲ ಕಣೋ, ಮೂರು ಸಲ! ಒಂದಲ್ಲ, ಎರಡಲ್ಲ, ಮೂರು ಸಲ ಕೂಗಿದ್ದೆ. "ಹುಷಾರೂ… ಮೆಟ್ಟಿಲು ಹುಷಾರೂ…" ಅಂತ. ಬಟ್ಟೆ ಅಂಗಡಿಯಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ರಲ್ಲ, ಆ ಬೊಂಬೆಗಳಿಗೂ ಕೇಳಿಸಿರ್ಬೇಕು. ನಿನಗೊಬ್ಬನಿಗೇ ಕೇಳಿಸ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?… ಸರಿ, ನೀನು ಹಾಗಂದಿಲ್ಲ. ಒಪ್ಕೊಂಡೆ. ನೀನು ಏನೂ ಅಂದಿಲ್ಲ. ಬಿದ್ದು ನಾಲ್ಕು ದಿನ ಆಯ್ತು, ಕಾಲಿಗೆ ಪಟ್ಟಿ ಬಿತ್ತು, ನೀನು ಮಾತ್ರ ತುಟಿ ಪಿಟಕ್ ಅಂದಿಲ್ಲ. ಅದೇ ನನ್ನ ತಲೆನೋವು.

ತಾಳು, ಈ ದಿಂಬು ಸರಿ ಮಾಡ್ತೀನಿ. ಹಾಂ, ಈಗ ಸರಿ. ಅಬ್ಬಬ್ಬಾ, ಕಾಲಿಗೆ ಎಷ್ಟು ಭಾರ ನೇತು ಹಾಕಿದಾರೋ! ಮರಳಿನ ಚೀಲನಾ ಅದು? ಥೇಟ್ ತಕ್ಕಡಿ ಕಣೋ. ಒಂದು ಕಡೆ ಮರಳು, ಇನ್ನೊಂದು ಕಡೆ ನನ್ನ ಭಾವಮೈದ… ನಗ್ಲಿಲ್ಲ. ಇರಲಿ, ನಗೋ ಮಾತಲ್ಲ ಅದು. ಸಿಸ್ಟರ್! ಸಿಸ್ಟರಮ್ಮಾ, ಹುಷಾರು, ಕಾಲ ಹತ್ರ ವೈರಿದೆ!… ನೋಡಿದ್ಯಾ? ತಿರುಗಿ ಕೂಡ ನೋಡ್ಲಿಲ್ಲ, ಹಾಗೇ ದಾಟ್ಕೊಂಡು ಹೋದ್ಲು. ಹೋಗ್ಲಿ, ಹೇಳೋದು ನನ್ನ ಧರ್ಮ. ಆ ಬಾಗಿಲ ಹೊಸ್ತಿಲು ನೋಡು, ನಾಲ್ಕು ಬೆರಳು ಎತ್ತರ. ಕೈಕಾಲು ಮುರ್ಕೊಂಡೋರು ಬರೋ ವಾರ್ಡಿಗೆ ಹೊಸ್ತಿಲು! ಒಳಗೆ ಬರೋವಾಗ ನಾನೇ ಎಡವಿದೆ. ನಾನೇ!… ಯಾಕೆ ಹುಬ್ಬು ಏರಿಸ್ತೀಯ? ಎಡವಬಾರ್ದಾ ನಾನು? ಅಂಗಡೀಲಿ ಹೇಳ್ಬೇಡ ಮತ್ತೆ.

ನಿಮ್ಮಕ್ಕ ಕೆಳಗೆ ಔಷಧಿ ಅಂಗಡಿಗೆ ಹೋಗಿದಾಳೆ. ಸಾಲು ಉದ್ದ ಇದೆ, ಬರೋಕೆ ಕಾಲು ಗಂಟೆನಾದ್ರೂ ಬೇಕು. ಅಷ್ಟರೊಳಗೆ ನಾವು ನಾವೇ ಒಂದು ವಿಷಯ ಮುಗಿಸಿಬಿಡೋಣ. ಈ ಕಾಗದ… ಹೆದರ್ಬೇಡ, ಆಸ್ತಿ ಪತ್ರ ಅಲ್ಲ. ನಮ್ಮ ಗ್ಲಾಸ್ ಅಂಗಡಿ ಯಜಮಾನ್ರು ಕೇಳಿದಾರೆ. ಅವತ್ತು ಕನ್ನಡಿ ಒಳಗೆ ತಗೊಂಡು ಹೋಗೋವಾಗ ತಪ್ಪು ಯಾರದು? ಹೊತ್ತೋನದಾ, ಮುಂದೆ ಕೂಗೋನದಾ? ತಪ್ಪು ಯಾರದೋ ಅವನು ಇನ್ಮುಂದೆ ತಂಡದಲ್ಲಿ ಇರೋ ಹಾಗಿಲ್ಲ. ಅಷ್ಟೇ… ಅಲ್ಲ, 'ಅಷ್ಟೇ' ಅಂತ ಬಾಯಿಗೆ ಬಂತು, ಅಂದೆ. ಅದಕ್ಕೆ ಹಾಗೆ ಗುರಾಯಿಸ್ಬೇಡ.

ಓದ್ತೀನಿ, ಕೇಳು. "ನಮ್ಮ ಮುಂದೆ ಕೂಗುವವರು ಸದರಿ ದಿನ ಮೂರು ಬಾರಿ ಸ್ಪಷ್ಟವಾಗಿ, ಗಟ್ಟಿಯಾಗಿ ಎಚ್ಚರಿಸಿದ್ದಾಗ್ಯೂ, ನಾನು ನನ್ನ ಸ್ವಂತ ಅಜಾಗರೂಕತೆಯಿಂದ ಕಾಲು ಜಾರಿ ಬಿದ್ದಿರುತ್ತೇನೆ." ಹೇಗಿದೆ? ನಾನೇ ಬರ್ದಿದ್ದು. 'ಸದರಿ' ಅಂತ ಒಂದು ಹಾಕಿದ್ರೆ ಕಾಗದಕ್ಕೆ ತೂಕ ಬರುತ್ತೆ. ಇಲ್ಲಿ, ಈ ಗೆರೆ ಮೇಲೆ ನಿನ್ನ ಒಂದು ಸಹಿ. ಕೈ ಸರಿ ಇದೆಯಲ್ಲ, ದೇವರ ದಯೆ, ಬರೀ ತರಚಿದೆ ಅಷ್ಟೇ.

ನಿನ್ನನ್ನ ಬೀದಿಗೆ ಹಾಕ್ತಾರೆ ಅಂದ್ಕೋಬೇಡ. ಯಜಮಾನ್ರ ಹತ್ರ ನಾನೇ ಮಾತಾಡಿದೀನಿ. ಗೋಡೌನಲ್ಲಿ ಕೆಲಸ ಕೊಡ್ತಾರಂತೆ. ಕೂತ್ಕೊಂಡು ಗಾಜಿಗೆ ಕಾಗದ ಸುತ್ತೋದು. ನೆರಳಲ್ಲಿ ಕೆಲಸ, ಫ್ಯಾನಿದೆ… ಗೊತ್ತು. ಗೊತ್ತು ಕಣೋ. ಹನ್ನೊಂದು ವರ್ಷ ಹೊತ್ತೆ, ಒಂದು ಗಾಜು ಒಡೆದಿಲ್ಲ, ಗೀರು ಕೂಡ ಬಿಟ್ಟಿಲ್ಲ. ಅವತ್ತೂ ಅಷ್ಟೇ! ಬಿದ್ದೆ, ಕಾಲು ಮುರೀತು, ಏಳಡಿ ಕನ್ನಡೀನ ಎದೆ ಮೇಲೆ ಮಗು ಥರ ಮಲಗಿಸ್ಕೊಂಡಿದ್ದೆ. ಅದಕ್ಕೆ ಒಂದು ಗೀರು ಬಿದ್ದಿಲ್ಲ. ನಿನ್ನೆ ಟ್ರಯಲ್ ರೂಮಿನ ಗೋಡೆಗೆ ಕೂರಿಸಿದ್ರು, ಗಿರಾಕಿಗಳು ಅದರ ಮುಂದೆ ನಿಂತು ಸೆರಗು ಸರಿಮಾಡ್ಕೋತಿದಾರೆ. ನಿನ್ನಂಥೋನು ಗೋಡೌನಲ್ಲಿ ಕಾಗದ ಸುತ್ತೋದು ಅಂದ್ರೆ… ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ನಿನಗೆ ಮೂವತ್ತನಾಲ್ಕು. ಏನು ಬೇಕಾದ್ರೂ ಕಲೀಬಹುದು. ನನಗೆ ಹೇಳು, ಈ ವಯಸ್ಸಲ್ಲಿ ಏನು ಬರುತ್ತೆ? ಹೊರೋಕೆ ಸೊಂಟ ಇಲ್ಲ. ಗಾಜು ಕುಯ್ಯೋಕೆ ಹೋದ್ರೆ ಕೈ ನಡುಗುತ್ತೆ. ನನ್ನ ಹತ್ರ ಇರೋದು ಒಂದೇ ಒಂದು ಪದ. ಇಪ್ಪತ್ತೆಂಟು ವರ್ಷ ಅದರಲ್ಲೇ ಬದುಕಿದೀನಿ.

ಯಾಕೆ ಬಾಯಿ ಸೊಟ್ಟ ಮಾಡ್ತೀಯ? ಪದ ಅಂದ್ರೆ ಸುಮ್ನೆ ಅಂದ್ಕೊಂಡ್ಯಾ? ಜನ ಎಲ್ಲಾನೂ ಒಂದೇ ಅಂದ್ಕೋತಾರೆ, ತಿಳಿಯಲ್ಲ ಅವರಿಗೆ. 'ಎಚ್ಚರಿಕೆ' ಇದೆ ನೋಡು, ಅದು ಬೋರ್ಡಿನ ಮಾತು. ಗೇಟಿಗೆ ತಗುಲಿ ಹಾಕೋದು. 'ನಾಯಿ ಇದೆ, ಎಚ್ಚರಿಕೆ.' ನಮ್ಮ ಬೀದಿ ಕೊನೆ ಮನೇಲಿ ನಾಯಿ ಸತ್ತು ಆರು ವರ್ಷ ಆಯ್ತು, ಬೋರ್ಡು ಇನ್ನೂ ಬೊಗಳ್ತಾನೇ ಇದೆ. 'ಜೋಕೆ' ಅನ್ನೋದು ಜಗಳದ ಮಾತು. ಜೋಕೆ ಅಂದೋನು ನಿನ್ನ ಒಳ್ಳೇದಕ್ಕೆ ಹೇಳ್ತಿಲ್ಲ, ತೋಳು ಮಡಚ್ತಿದಾನೆ ಅಂತ ಅರ್ಥ. 'ಜಾಗ್ರತೆ' ಅಂದ್ರೆ ಹಿರಿಯರು ಬಸ್ಸು ಹತ್ತಿಸೋವಾಗ ಹೇಳೋದು. ಬಸ್ಸು ತಿರುವು ದಾಟೋದ್ರೊಳಗೆ ಹೇಳಿದೋರೂ ಮರೀತಾರೆ, ಕೇಳಿದೋರೂ ಮರೀತಾರೆ. 'ಜೋಪಾನ' ಅಂತ ಇನ್ನೊಂದಿದೆ. ಅದು… ಅದು ಹೆಂಗಸರ ಮಾತು, ಬಿಡು. ಕೈಗೆ ಏನಾದ್ರೂ ಕೊಟ್ಟು ಹೇಳೋದು. ಮಗೂನ ಕೊಟ್ಟು, ಹಾಲಿನ ಪಾತ್ರೆ ಕೊಟ್ಟು…

ಆದ್ರೆ 'ಹುಷಾರು' ಇದೆಯಲ್ಲ! ಇದು ಕೆಲಸದ ಮಾತು ಕಣಯ್ಯಾ. ಇದಕ್ಕೆ ಹೊತ್ತು ಮುಖ್ಯ. ಒಂದು ಹೆಜ್ಜೆ ಮುಂಚೆ ಅಂದ್ರೆ ಹುಷಾರು. ಒಂದು ಹೆಜ್ಜೆ ಆದ್ಮೇಲೆ ಅಂದ್ರೆ ಅದು 'ಅಯ್ಯೋ'. ಬಾಗಿಲಿಗೆ ಮೊಟಕಾಗಿ, "ಹುಷಾರ್!" ಮೆಟ್ಟಿಲಿಗೆ ಎಳೆದು, "ಹುಷಾರೂ…" ಎದುರಿಗೆ ಸೈಕಲ್ಲು ಬಂದ್ರೆ ಎರಡು ಸಲ ಬಡಿದ ಹಾಗೆ, "ಹುಷಾರ್ ಹುಷಾರ್!" ಗಾಜು ಹೊರೋರು ಇಬ್ಬರು. ಹಿಂದಿನೋನಿಗೆ ಗಾಜು ಅಡ್ಡ. ಮುಂದಿನೋನು ಗಾಜಿನ ಕಡೆ ಮುಖ ಮಾಡಿ ಹಿಂದ್ಹಿಂದೆ ಹೆಜ್ಜೆ ಹಾಕ್ಬೇಕು. ನಿನ್ನ ಹಾಗೆ. ಹಿಂದ್ಹಿಂದೆ ನಡೆಯೋನಿಗೆ ಬೆನ್ನಲ್ಲಿ ಕಣ್ಣಿರುತ್ತಾ? ಅವನ ಕಣ್ಣು ಅಂದ್ರೆ ನನ್ನ ಬಾಯಿ. ಇದನ್ನ ನಾನು ಎಷ್ಟು ಸಲ ಹೇಳಿಲ್ಲ ಹೊಸ ಹುಡುಗರಿಗೆ! "ಅವನ ಕಾಲು ನಿನ್ನ ನಾಲಿಗೆ ಮೇಲಿದೆ, ನಾಲಿಗೆ ಜಾರಿದ್ರೆ ಅವನು ಜಾರ್ತಾನೆ" ಅಂತ… ಏನು? ಏನೋ ಹೇಳೋಕೆ ಬಂದ ಹಾಗಾಯ್ತು. ಇಲ್ವಾ? ಕೆಮ್ಮಾ? ಸರಿ, ಒಂದು ಗುಟುಕು ನೀರು ಕುಡಿ. ಹುಷಾರು, ನೆತ್ತಿಗೇರೀತು.

ಬೀದೀಲಿ ಹೋದ್ರೆ 'ಹುಷಾರಪ್ಪ ಬಂದ' ಅಂತಾರೆ, ಕೇಳಿದೀನಿ. ನಗ್ಲಿ. ನಾನು ಯಾರನ್ನ ಬಿಟ್ಟಿದೀನಿ? ಏಣಿ ಹತ್ತಿದೋನಿಗೆ ಹೇಳಿದೀನಿ, ಬಿಸಿ ಟೀ ಹಿಡಿದೋನಿಗೆ ಹೇಳಿದೀನಿ, ಮದುವೆ ಗೊತ್ತಾಯ್ತು ಅಂತ ಹೇಳೋಕೆ ಬಂದೋನಿಗೂ ಹೇಳಿದೀನಿ. ನಿಮ್ಮಕ್ಕ ಮೊನ್ನೆ ಏನಂದ್ಲು ಗೊತ್ತಾ? "ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆ, ಒಂದು ದಿನ 'ಅಡಿಗೆ ಚೆನ್ನಾಗಿದೆ ಕಣೇ' ಅನ್ಲಿಲ್ಲ ನೀವು. ಒಲೆ ಹುಷಾರು, ಕುಕ್ಕರ್ ಹುಷಾರು, ಚಾಕು ಹುಷಾರು. ನನಗೇನು ಕಣ್ಣಿಲ್ವಾ?" ಅಂದ್ಲು. ಹಾ ಹಾ! ಬಾಯಿ ಜೋರು ನಿಮ್ಮಕ್ಕಂದು. ನಿಮ್ಮ ಮನೆ ಮಾತೆಲ್ಲ ಅವಳೇ ತಗೊಂಡು ಬಂದ್ಲು, ನಿನಗೆ ಒಂದು ಚೂರೂ ಉಳಿಸ್ಲಿಲ್ಲ.

ಏನದು? ತುಟಿ ಮೇಲೆ ಬೆರಳಿಡ್ತೀಯಲ್ಲ… ಓ, ಮೆಲ್ಲಗೆ ಮಾತಾಡು ಅಂತನಾ? ಪಕ್ಕದ ಮಂಚದ ತಾತ ಮಲಗಿದಾರೆ, ಹೌದು ಹೌದು. ನನ್ನ ಗಂಟಲೇ ಹಾಗೆ, ಏನ್ಮಾಡ್ಲಿ. ಸರಿ, ಮೆಲ್ಲಗೇ ಹೇಳ್ತೀನಿ.

ಹಿಂದಿನ ತುದಿ ಹಿಡಿದಿದ್ನಲ್ಲ ಕುಳ್ಳ, ಅವನನ್ನೂ ಯಜಮಾನ್ರು ಕರೆಸಿ ಕೇಳಿದ್ರು. "ಇವರು ಕೂಗಿದ್ರೇನಯ್ಯಾ?" ಆ ಮುಠ್ಠಾಳ ಏನಂದ ಗೊತ್ತಾ? "ಕೂಗಿರ್ಬಹುದು ಸ್ವಾಮಿ. ಇವರು ಯಾವಾಗ್ಲೂ ಕೂಗ್ತಾನೇ ಇರ್ತಾರೆ. ನಮಗೆ ಕೇಳಿಸೋದು ನಿಂತು ಎಷ್ಟೋ ವರ್ಷ ಆಯ್ತು" ಅಂದ! ನನ್ನೆದುರಿಗೇ! ಫ್ಯಾನಿನ ಸದ್ದು ಕೇಳಿಸುತ್ತೇನ್ರಿ ನಿಮಗೆ, ಹಾಗೇನೇ ಇದು ಅಂದ! ಯಜಮಾನ್ರು ನಕ್ಕುಬಿಟ್ರು. ನಾನೂ ನಕ್ಕೆ… ನಗದೆ ಏನ್ಮಾಡ್ಲಿ. ಆದ್ರೆ ನೀನು ಹಾಗಲ್ಲ, ನೀನು ಕೇಳಿಸ್ಕೋತಿದ್ದೆ. ಅದು ನನಗೆ ಗೊತ್ತು. ನಾನು "ಹು" ಅನ್ನೋದ್ರೊಳಗೆ ನಿನ್ನ ಕಾಲು ನಿಲ್ತಿತ್ತು. ಹನ್ನೊಂದು ವರ್ಷದಲ್ಲಿ ನನ್ನ ಮಾತನ್ನ ಮಾತು ಅಂತ ಕೇಳಿದೋನು ನೀನೊಬ್ಬನೇ. ನಿಮ್ಮಕ್ಕನೂ ಅಲ್ಲ.

ನಿನ್ನನ್ನ ಕೆಲಸಕ್ಕೆ ಸೇರಿಸಿದ್ದೂ ನಾನೇ ಅಲ್ವಾ? ಜ್ಞಾಪಕ ಇದೆಯಾ ಮೊದಲನೇ ದಿನ? ಹೊಸ ಕೈಗವಸು ಹಾಕ್ಕೊಂಡು ಅಂಗಳದಲ್ಲಿ ನಿಂತಿದ್ದೆ. ನಿಮ್ಮಕ್ಕ ಬಾಗಿಲ ತನಕ ಬಂದು ನಿನ್ನ ಕೈ ತಗೊಂಡು ನನ್ನ ಕೈಗೆ ಕೊಟ್ಲು. "ನನ್ನ ತಮ್ಮ ಕಣ್ರೀ, ಜೋಪಾನ" ಅಂದ್ಲು. "ಆಯ್ತಾಯ್ತು, ಇವನೇನು ಹಾಲಿನ ಪಾತ್ರೆನಾ?" ಅಂತ ನಾನು ನಗಾಡಿದ್ದೆ… ಅದೇನು ಈಗ ಬಂತೋ ಬಾಯಿಗೆ.

ಅವತ್ತೇ ಅಲ್ವಾ ನಮ್ಮ ಹಳೇ ಮೇಸ್ತ್ರಿ ಪಾಠ ನಾನು ನಿನಗೆ ಹೇಳಿದ್ದು? ಕನ್ನಡಿ ಪಾಠ. ಪುಣ್ಯಾತ್ಮ, ನನಗೆ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ರು. "ಜನರ ಮನೆಗೆ ಕನ್ನಡಿ ಹೊತ್ಕೊಂಡು ಹೋಗ್ತೀಯ. ಹೆಣ್ಣುಮಕ್ಕಳಿರ್ತಾರೆ. ಬೆನ್ನು ತಿರುಗಿಸಿದೀನಿ, ಕನ್ನಡೀಲಿ ಕದ್ದು ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ ಅಂದ್ಕೋಬೇಡ. ಕನ್ನಡೀಲಿ ಅವರ ಕಣ್ಣು ನಿನಗೆ ಕಂಡ್ರೆ, ನಿನ್ನ ಕಣ್ಣು ಅವರಿಗೆ ಕಂಡ ಹಾಗೇ." ಎಂಥಾ ಮಾತು! ಲಕ್ಷ ರೂಪಾಯಿ ಮಾತು. ಹೊಸಬರಿಗೆಲ್ಲ ನಾನು ಅದನ್ನೇ ಹೇಳೋದು.

ಸರಿ, ಎಲ್ಲೆಲ್ಲೋ ಹೋದೆ. ಪೆನ್ನು ಹಿಡ್ಕೋ… ಹಿಡ್ಕೋ ಅಂದೆ. ಅದೇನು ನನ್ನ ಮುಖನೇ ನೋಡ್ತೀಯ? ಮೀಸೆನಾ? ಹೌದಪ್ಪಾ, ಬಣ್ಣ ಹಚ್ಚಿಸಿದೆ. ತಪ್ಪೇನು? ಫೋಟೋ ತೆಗೆಯೋನು ಬರ್ತಾನೆ ಅಂತ ಹಚ್ಚಿಸಿದೆ. ಯಜಮಾನ್ರು ನನ್ನ ಫೋಟೋನ ಆಫೀಸಿನ ಗೋಡೆಗೆ ಹಾಕ್ತೀನಿ ಅಂದಿದ್ರು, ನಿನಗೂ ಗೊತ್ತಿತ್ತಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ: 'ಇಪ್ಪತ್ತೆಂಟು ವರ್ಷ, ಒಂದೂ ಅವಘಡವಿಲ್ಲ.' ನನ್ನ ಜೀವಮಾನದಲ್ಲಿ ಯಾರೂ ನನ್ನ ಫೋಟೋ ಗೋಡೆಗೆ ಹಾಕಿಲ್ಲ ಕಣೋ. ಮದುವೆ ಫೋಟೋದಲ್ಲೂ ನಾನು ಕಣ್ಣು ಮುಚ್ಕೊಂಡಿದೀನಿ. ಕ್ಷೌರದ ಅಂಗಡಿಯೋನು ಹಚ್ಚಿ ಮುಗಿಸೋ ಹೊತ್ತಿಗೆ ಲಾರಿ ಬಂದು ಹಾರ್ನ್ ಹೊಡೀತಿತ್ತು, ಅವನ ಕನ್ನಡೀಲಿ ಸರಿಯಾಗಿ ನೋಡ್ಕೊಳ್ಳೋಕೂ ಆಗ್ಲಿಲ್ಲ, ಹಾಗೇ ಓಡಿ ಬಂದೆ…

ಯಾವತ್ತಾ? ಯಾವತ್ತೋ. ಹೋದ ವಾರ. ಹೂಂ… ಅವತ್ತೇ. ಅವತ್ತು ಬೆಳಿಗ್ಗೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ನೋಡೂ, ನನಗೆ ಸಿಟ್ಟು ಬರಿಸ್ಬೇಡ. ಒಳ್ಳೇ ಮಾತಲ್ಲಿ ಹೇಳ್ತಿದೀನಿ. ಆ ಕಾಗದ ಇವತ್ತು ಸಂಜೆಯೊಳಗೆ ಯಜಮಾನ್ರ ಮೇಜಿನ ಮೇಲಿರ್ಬೇಕು. ಇಲ್ಲ ಅಂದ್ರೆ ಅವರೇ ಇಲ್ಲಿಗೆ ಬರ್ತಾರೆ, ನಿನ್ನನ್ನೇ ಕೇಳ್ತಾರೆ. ಆವಾಗ ಏನಂತೀಯ? ಭಾವ ಕೂಗ್ಲಿಲ್ಲ ಅಂತೀಯಾ? ಹನ್ನೊಂದು ವರ್ಷ ಅನ್ನ ಕೊಡಿಸಿದ ಭಾವನ ಹೊಟ್ಟೆ ಮೇಲೆ ಹೊಡೀತೀಯಾ? ಏನಾದ್ರೂ ಬೊಗಳೋ! ಬೈಯಿ, ಬೈದುಬಿಡು, ಈ ಸುಮ್ಮನಿರೋದೊಂದು ಬೇಡ!… ಇಲ್ಲ ತಾತ, ಏನಿಲ್ಲ, ನೀವು ಮಲಗಿ. ನಮ್ಮ ಮನೆ ಮಾತು.

ತಪ್ಪು ನಿಂದೇ ಕಣೋ. ಮುಖದ ಮೇಲೆ ಹೇಳ್ತೀನಿ ಕೇಳು. ನಿನಗೆ ಗಮನ ಇರ್ಲಿಲ್ಲ. ಒಳಗಿನ ಕೋಣೆ ಬಾಗಿಲಿಗೆ ಬಂದ್ರಿ. ಕನ್ನಡಿ ಅಡ್ಡ ತಿರುಗಿಸಿದ್ರಿ. ನಾನು ನಿನ್ನ ಬೆನ್ನ ಹಿಂದೆ, ಮೆಟ್ಟಿಲ ಹತ್ರ ನಿಂತಿದ್ದೆ. ಕಾಲು ಎಲ್ಲಿ ಇಡ್ತೀನಿ ಅನ್ನೋ ಯೋಚನೆನೇ ಇರ್ಲಿಲ್ಲ ನಿನಗೆ, ಎಲ್ಲೋ ನೋಡ್ತಿದ್ದೆ! ಸುಳ್ಳಲ್ಲ, ನಾನೇ ಕಣ್ಣಾರೆ ಕಂಡೆ. ಕನ್ನಡಿ ಹೀಗೆ ನನ್ನ ಕಡೆ ತಿರುಗ್ತು, ಅದರಲ್ಲಿ ನಿನ್ನ ಕಣ್ಣು ಇಷ್ಟು ದೊಡ್ಡದಾಗಿ, ನೆಟ್ಟ ನೋಟ, ಸೀದಾ ನನ್ನನ್ನೇ…

…

ನನ್ನನ್ನೇ ನೋಡ್ತಿತ್ತು.

ಮತ್ತೆ ಬೆರಳು ತುಟಿ ಮೇಲೆ ಯಾಕಿಡ್ತೀಯ? ನಾನು ಮೆಲ್ಲಗೇ ಮಾತಾಡ್ತಿದೀನಲ್ಲ… ಮೆಲ್ಲಗೆ ಅಂತ ಅಲ್ವಾ? ಮತ್ತೇನು? ಬೆರಳು ಹಾಗ್ಯಾಕೆ ಎಳೀತೀಯ, ಈ ಕಡೆ ಒಂದು ಸಲ, ಆ ಕಡೆ ಒಂದು ಸಲ… ನಿನಗೆ ಮೀಸೆನೇ ಇಲ್ವಲ್ಲೋ…

ಓ.

ಆವಾಗ್ಲೂ ಅದನ್ನೇ ತೋರಿಸಿದೆ, ಅಲ್ವಾ? ನಾನು ತಾತನಿಗೆ ನಿದ್ದೆ ಕೆಡುತ್ತೆ ಅಂತ ತಿಳ್ಕೊಂಡೆ.

ಕಂಡಿತ್ತು ನಿನಗೆ. ಎಲ್ಲಾ ಕಂಡಿತ್ತು. ನಾಲ್ಕು ದಿನದಿಂದ… ನಾನೇ ಹೇಳ್ಕೊಟ್ಟ ಪಾಠ. ಅವರ ಕಣ್ಣು ನಿನಗೆ ಕಂಡ್ರೆ… ಥೂ! ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೇಳಿದೆ, ನನ್ನ ಕಿವಿಗೆ ಮಾತ್ರ ಬೀಳ್ಲಿಲ್ಲ.

ಬಾಯಿ ತೆಗ್ದಿದ್ದೆ ಕಣೋ. ನಿನ್ನಾಣೆ. ಕೂಗೋಕೆ ಅಂತಾನೇ ತೆಗ್ದಿದ್ದೆ. ಅಷ್ಟರಲ್ಲಿ ಆ ಹಾಳು ಕನ್ನಡಿ ತಿರುಗ್ತು. ಅದರಲ್ಲಿ ಯಾರೋ ಒಬ್ಬ, ಕಪ್ಪು ಮೀಸೆಯೋನು, ಬಾಯಿ ತೆಕ್ಕೊಂಡು ನಿಂತಿದ್ದ. ಅರೆ, ಪರವಾಗಿಲ್ವಲ್ಲ ಅನ್ನಿಸ್ತು. ಬಾಯಿ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕಾಣ್ತೀನೇನೋ ಅಂತ… ಬಾಯಿ ಮುಚ್ಚಿದೆ. ಈ ಕಡೆ ಒಂದು ಸಲ ಸವರ್ಕೊಂಡೆ. ಆ ಕಡೆ ಒಂದು ಸಲ. ಅಷ್ಟೇ ಹೊತ್ತು. ಒಂದು ಹೆಜ್ಜೆ ಹೊತ್ತು. ಆಮೇಲೆ ನನ್ನ ಬಾಯಿಂದ ಬಂದಿದ್ದು 'ಅಯ್ಯೋ'. ಅದು ಮೂರು ಸಲ ಬಂತು, ಅದು ನಿಜ.

ನಿನ್ನ ಕಣ್ಣು ಕಾಯ್ತಿತ್ತು. ಈಗ ಕೂಗ್ತಾನೆ, ಈಗ ಕೂಗ್ತಾನೆ ಅಂತ ನನ್ನ ಬಾಯನ್ನೇ ನೋಡ್ತಿತ್ತು. ಕೂಗ್ಲಿಲ್ಲ, ಅಂದ್ರೆ ನೆಲ ಸಮ ಇದೆ ಅಂತ ನಂಬಿ ಕಾಲು ಹಿಂದಿಟ್ಟೆ. ಮೀಸೆ ಬಂದೋನಿಗೆ ದೇಶ ಕಾಣಲ್ಲ ಅಂತಾರೆ, ಅದು ಇಪ್ಪತ್ತರ ಹುಡುಗರಿಗೆ ಹೇಳೋ ಮಾತು. ನನಗೆ ಐವತ್ತಮೂರು. ಬಣ್ಣ ಹಚ್ಚಿದ ಮೀಸೆಗೆ ಒಂದು ಮೆಟ್ಟಿಲು ಕಾಣ್ಲಿಲ್ಲ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ವಂತೆ… ಬಿದ್ದೋನು ನೀನು, ಮಣ್ಣಾಗದ ಮೀಸೆ ನಂದು. ಮೇಲೆ ಈ ಕಾಗದ ಬೇರೆ ಹಿಡ್ಕೊಂಡು ಬಂದಿದೀನಿ. 'ಸದರಿ' ಅಂತ ಬರ್ಕೊಂಡು.

ಕೊಡು ಆ ಪೆನ್ನು. ಬೇಡ, ಕೊಡಿಲ್ಲಿ… ಏ, ಏನ್ ಮಾಡ್ತಿದೀಯ? ಸಹಿ ಹಾಕ್ಬೇಡ! ಹಾಕ್ಬೇಡ ಕಣೋ, ನಿನಗೆ ಕೈ ಮುಗೀತೀನಿ. ಎಲ್ಲಾ ಗೊತ್ತಿದ್ದೂ ಹಾಕ್ತೀಯಾ? ನನ್ನ ಹೊಟ್ಟೆಪಾಡಿಗೆ ನಿನ್ನ ಹೆಸರು ಕೆಡಿಸ್ಕೋತೀಯಾ? ಬೈದಿದ್ರೆ ತಡ್ಕೋತಿದ್ದೆ. ಇದನ್ನ ಹೇಗೋ ತಡ್ಕೊಳ್ಲಿ? ಬಿಡು, ಕಾಗದ ಬಿಡು… ಹರಿದೋಯ್ತು. ಹೋಗ್ಲಿ. ಒಳ್ಳೇದೇ ಆಯ್ತು.

ಶ್… ನಿಮ್ಮಕ್ಕ. ಅಲ್ಲಿ ಬರ್ತಿದಾಳೆ. ಒಂದು ಕೈಲಿ ಫ್ಲಾಸ್ಕು, ಒಂದು ಕೈಲಿ ಔಷಧಿ ಕವರು, ಚೀಟಿ ಹಲ್ಲಲ್ಲಿ ಕಚ್ಕೊಂಡು ಬರ್ತಿದಾಳೆ. ಆ ಹೊಸ್ತಿಲು… ಹು… ಹು…

ದಾಟಿದ್ಲು.

ನೋಡಿದ್ಯಾ? ಅವಳ ಪಾಡಿಗೆ ಅವಳು ನೆಲ ನೋಡ್ಕೊಂಡು ದಾಟಿದ್ಲು.

ಬಾ. ಇಲ್ಲಿ ಕೂತ್ಕೋ. ಫ್ಲಾಸ್ಕು ಈ ಕಡೆ ಕೊಡು… ಯಾಕೂ ಇಲ್ಲ. ಈ ಚೂರಾ? ಏನೋ ಕಾಗದ, ಹೇಳ್ತೀನಿ. ಇಲ್ಲ ಕಣೇ, ನಿನ್ನ ತಮ್ಮ ಏನೂ ಅಂದಿಲ್ಲ. ನಾಲ್ಕು ದಿನದಿಂದ ಅವನು ಏನೂ ಅಂದಿಲ್ಲ. ಅವನ ಮುಖ ನೋಡ್ಬೇಡ, ನನ್ನ ಕಡೆ ನೋಡು. ನೀನು ಜೋಪಾನ ಅಂತ ಹೇಳಿ ಕೊಟ್ಟಿದ್ದೆ. ನಾನು ಅವತ್ತು ಕೂಗ್ಲಿಲ್ಲ ಕಣೇ. ಮೂರು ಸಲ ಅಲ್ಲ, ಒಂದು ಸಲನೂ ಕೂಗ್ಲಿಲ್ಲ. ಮೀಸೆ ನೋಡ್ಕೋತಿದ್ದೆ.